ಖಾಲಿ ಎಂದು ಬರೆದ ಕಡಲು

ಶ್ರಾವಣ ಸೋಮವಾರ, ಮಲ್ಕಾಜ್‌ಗಿರಿ

ಇಂದು ಒಪ್ಪೊತ್ತು. ಬಾಗಿಲು ತೊಳೆದು, ರಂಗೋಲಿ ಹಾಕಿ ಮಲ್ಲಯ್ಯನ ಪೂಜೆಗೆ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಮೊದಲು ಪಕ್ಕದ ಮನೆಯಲ್ಲಿದ್ದ ಗೋದಾವರಿ ಕಾರವಾರದಿಂದ ಫೋನ್ ಮಾಡಿದ್ದಳು.

"ಯಕ್ಕಾ, ನಿನ್ನ ಮಗಳ ಆಫೀಸಿನವರು ಮಳಿಗಾಲದಾಗ ಬಂದು ನೋಡಿ, ನಮ್ಮ ಕಡಲು ಖಾಲಿ ಐತಿ ಅಂತ ನಕ್ಷೆದಾಗ ಬರದಾರ. ಅಲ್ಲಿ ಕರೆಂಟ್ ತಗಿಯೋ ಗಾಳಿ ಫ್ಯಾನು ಹಾಕ್ತಾರಂತ. ನೂಲ ಹುಣ್ಣಿವಿಗೆ ಸಮುದ್ರಕ್ಕ ತೆಂಗಿನಕಾಯಿ ಬಿಟ್ಟ ಮ್ಯಾಲೇ ನಾವು ದೋಣಿ ಇಳಿಸೋದು. ಅದಕ್ಕೂ ಮೊದಲ ಯಾರು ಕಾಣ್ತಾರ?"

ಸಂಜೆ ಮಗಳು ಉಮಾ ಆಫೀಸಿನಿಂದ ಬಂದಾಗ ಹೇಳಿದೆ.

"ನಾ ಮಾಡಿದ ನಕ್ಷೆ ಮುಗದೈತವ್ವ. ಈಗ ತಪ್ಪಾಗೇತಿ ಅಂದ್ರ ಸಾಹೇಬ್ರು ನನ್ನ ಬೈತಾರ."

"ಬೈಸ್ಕೋ. ಮೀನ ಹಿಡಿಯೋರು ಉಪಾಸ ಬೀಳಬೇಕೇನು?"

ಎದ್ದು ಹೋಗಿ ಕದ ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ನನ್ನ ಬಾಯಿ ಜೋರಾಯಿತೇನೋ. ಆದರೆ ಕಡಲು ಎಲ್ಲರಿಗೂ ಸೇರಿದ್ದು, ಹಂಚಿಕೊಂಡು ಬಾಳಬೇಕು ಎಂದು ಹೇಳುತ್ತಿದ್ದವಳೂ ಅವಳೇ.

ನಾಳೆ ಬೆಳಿಗ್ಗೆ ಗೋದಾವರಿ ಮತ್ತೆ ಫೋನ್ ಮಾಡುತ್ತಾಳೆ. ಮಲ್ಲಯ್ಯಾ, ಆ ಕದದಾಚೆಯಿಂದ ನನಗೊಂದು ಉತ್ತರ ತಂದುಕೊಡಪ್ಪಾ.