ಐದು ಬಿಲ್ಲೆಗಳ ನಿಯಮ

ಹ್ಯಾಲಿಫ್ಯಾಕ್ಸ್,
9 ನವೆಂಬರ್ 1986

ಪ್ರಿಯ ವಿಲ್ಫ್,

ನೀನೂ ನಿನ್ನಾಕೆ ಜೋನ್ ಕೂಡ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರಿಸದೆ ಕುಳಿತದ್ದು ನನ್ನ ತಪ್ಪೇ. ಸಿಟ್ಟಿನಲ್ಲಿ ಬರೆದರೆ ಮೂವತ್ತು ವರ್ಷದ ಸ್ನೇಹ ಕೆಟ್ಟೀತೆಂದು ತಡೆದೆ. ಸಿಟ್ಟೇನೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ನಾವಿಬ್ಬರೂ ಸೇರಿ ಮಾಡಿದ ಬಾಹ್ಯಾಕಾಶ ಹಡಗುಗಳ ಯುದ್ಧದಾಟದ ಪುಸ್ತಕವನ್ನು ಮತ್ತೆ ಅಚ್ಚು ಹಾಕುವಾಗ, ನನ್ನ ಕ್ಷಿಪಣಿ ನಿಯಮ ತೆಗೆದು ಹಳೆಯದನ್ನೇ ಇಡೋಣ ಎಂದಿದ್ದೀಯ. ಹಳೆಯದೆಂದರೆ ಏನು? ಕ್ಷಿಪಣಿ ಬಿಟ್ಟೆ ಎನ್ನು, ದಾಳ ಉರುಳಿಸು, ಆರು ಬಿದ್ದರೆ ಎದುರಾಳಿಯ ಹಡಗು ಚೂರು. ಅದಕ್ಕಿಂತ ಹಾವು ಏಣಿ ಆಡಬಹುದಲ್ಲ ಮಾರಾಯ! ನನ್ನ ನಿಯಮದಲ್ಲಿ ಐದು ರಟ್ಟಿನ ಬಿಲ್ಲೆಗಳು ಬೋರಲಾಗಿಯೇ ಮೇಜಿನ ಮೇಲೆ ಮುಂದೆ ಬರುತ್ತವೆ. ಒಂದು ಮಾತ್ರ ನಿಜವಾದ ಕ್ಷಿಪಣಿ, ಉಳಿದ ನಾಲ್ಕು ಪೊಳ್ಳು. ಮೂರನೆಯ ಸರದಿಗೆ ಅವು ಹಡಗನ್ನು ಮುಟ್ಟುತ್ತವೆ. ಅಷ್ಟರಲ್ಲಿ ಎದುರಾಳಿ ಒಂದೇ ಒಂದನ್ನು ಆರಿಸಿ ಹೊಡೆಯಬಹುದು.

ಕಳೆದ ಶನಿವಾರ ಚರ್ಚಿನ ಹಜಾರದಲ್ಲಿ ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಟ್ರೆವರ್ ಎಲ್ಲರೆದುರು ನನ್ನ ಕಾಲೆಳೆದ.

"ಲೆನ್, ನಿನ್ನ ಕ್ಷಿಪಣಿ ಬರೋಷ್ಟರಲ್ಲಿ ನನ್ನ ಟೀ ತಣ್ಣಗಾಗುತ್ತೆ ಕಣಯ್ಯಾ!"

"ಬಾಯಿ ಮುಚ್ಚಿ ಕೈ ಆಡ್ಸು, ಕೂತ್ಕೋ," ಅಂದೆ.

ಕೂತ. ಮೊದಲ ಸರದಿಯಲ್ಲಿ ನಗುತ್ತಿದ್ದ, ಎರಡನೆಯದರಲ್ಲಿ ಎದ್ದು ಮೇಜನ್ನು ಸುತ್ತಿದ, ಮೂರನೆಯದರಲ್ಲಿ ಬೆವರಿದ. ಕೊನೆಗೆ ಆರಿಸಿದ್ದು ಪೊಳ್ಳು. ಅವನ ದೊಡ್ಡ ಹಡಗು ಹೋಯಿತು.

"ಇದು ಮೋಸ! ಯಾವ್ದು ನಿಜ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಕೂಗಾಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೀ ನಿಜವಾಗಿಯೂ ತಣ್ಣಗಾಗಿತ್ತು.

ಹನ್ನೊಂದು ಜನರನ್ನು ಹೀಗೆ ಕೂರಿಸಿದ್ದೇನೆ. ಇಬ್ಬರಿಗೆ ನಿಜವಾದದ್ದು ಸಿಕ್ಕಿತು. ಹೇಗೆಂದು ಕೇಳಿದರೆ, ಕಣ್ಣು ಮುಚ್ಚಿ ಬೆರಳಿಟ್ಟೆವು ಎಂದರು. ಗುರಿಯಾದವನಿಗೆ ಈ ನಿಯಮ ಅನ್ಯಾಯ ಎಂದು ನೀನು ಬರೆದಿದ್ದೀಯ. ಹೌದು, ಅನ್ಯಾಯವೇ. ಆದರೂ ನಾನು ಜಪ್ಪಯ್ಯ ಅಂದರೂ ಬಿಡುವವನಲ್ಲ. ಇದ್ದಂತೆ ಅಚ್ಚು ಹಾಕು, ಇಲ್ಲವೇ ಪುಸ್ತಕದಿಂದ ನನ್ನ ಹೆಸರು ಕಿತ್ತುಹಾಕು.

ನಿನ್ನ ಮೊಣಕಾಲಿಗೆ ಈ ಚಳಿ ಕರುಣೆ ತೋರಲಿ. ದೇವರು ನಿಮ್ಮಿಬ್ಬರನ್ನೂ ಬಹುಕಾಲ ಜೊತೆಯಲ್ಲಿಟ್ಟಿರಲಿ.

ನಿನ್ನ ಹಠಮಾರಿ,
ಲೆನ್

ಮರೆತ ಮಾತು: ನಾಲ್ಕು ವರ್ಷದ ಹಿಂದಿನ ಯುದ್ಧದಲ್ಲಿ ನನ್ನ ಮಗ ಕೀತ್ ಹಡಗಿನ ರೇಡಾರ್ ಮುಂದೆ ಕೂತಿದ್ದದ್ದು ನಿನಗೆ ಗೊತ್ತು. ತನಿಖೆಯ ವರದಿಯಲ್ಲೇನಿತ್ತೆಂದು ನಿನಗೂ ಹೇಳಿರಲಿಲ್ಲ. ಪರದೆಯ ಮೇಲೆ ಐದು ಚುಕ್ಕೆ ಕಂಡವಂತೆ, ಇವನು ತೋರಿಸಿದ್ದು ಪೊಳ್ಳಂತೆ. ಏಳು ಜನ ಸತ್ತರು. "ಗುರುತಿಸಬೇಕಿತ್ತು" ಎಂದು ಒಂದೇ ಸಾಲು ಬರೆದರು. ಅಂದಿನಿಂದ ಅವನು ಕೋಣೆ ಬಿಟ್ಟು ಬರುವುದೇ ಅಪರೂಪ.

ಇಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟು ಅವನನ್ನು ಕರೆದೆ. ಬಂದ. ಬಹಳ ಹೊತ್ತು ನೋಡಿ ಒಂದನ್ನು ಆರಿಸಿದ. ಪೊಳ್ಳು.

"ಅಪ್ಪಾ, ಕ್ಲಬ್ಬಿನವ್ರಿಗಾದ್ರೂ ಗೊತ್ತಾಯ್ತಾ?"

"ಒಬ್ಬನಿಗೂ ಗೊತ್ತಾಗ್ಲಿಲ್ಲ ಕಣೋ."

ಬಿಲ್ಲೆಗಳನ್ನು ತಾನೇ ಕಲೆಸಿ, ಬೋರಲು ಹಾಕಿ ನನ್ನ ಕಡೆ ತಳ್ಳಿದ. "ಈಗ ನೀನು ಆರಿಸಪ್ಪಾ," ಅಂದ.

ನಾನೂ ತಪ್ಪಿದೆ, ವಿಲ್ಫ್.