ಎಲಾ!

ನಕ್ಸೋಸ್ ದ್ವೀಪ, ಬುಧವಾರ (ಇಮೇಲ್)

ಕ್ಯಾಲಮ್‌ವೇಲ್‌ನ ಡಾಕ್ಟರ್ ಸಾಹೇಬರಿಗೆ,

ರಜೆ ಸಿಗುವುದಿಲ್ಲವೆಂದು ಕೇಳದೆಯೇ ತೀರ್ಮಾನಿಸಿ ನೀವು ಬ್ರಿಸ್ಬೇನ್‌ನಲ್ಲೇ ಉಳಿದಿರಿ. ಗ್ರೀಸಿಗೆ ನಾನೊಬ್ಬಳೇ ಬಂದು ನಿನ್ನೆ ಸಂಜೆ ಪ್ರವಾಸಿಗರ ತಂಡದ ಜೊತೆ ಬೆಟ್ಟ ಹತ್ತಿದೆ. ಗೈಡ್ ನಿಕೋಸ್ ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಏದುಸಿರು ಬಂದು ನಿಂತಾಗಲೆಲ್ಲ ಅವನು ತಿರುಗಿ, "ಎಲಾ, ಎಲಾ!" ಎಂದು ಕೂಗುತ್ತಿದ್ದ. ನಾಲ್ಕನೆಯ ಸಲ ನನಗೆ ರೇಗಿತು.

"ಎಲಾ ಇವನಾ! ನಿನ್ನಮ್ಮನ ವಯಸ್ಸು ಕಣಯ್ಯಾ ನಂದು!" ಎಂದು ಕನ್ನಡದಲ್ಲೇ ಬೈದೆ.

ಅವನು ನಗುತ್ತಾ ಇಳಿದು ಬಂದು ಕೈ ಕೊಟ್ಟ. ಅವರ ಭಾಷೆಯಲ್ಲಿ 'ಎಲಾ' ಎಂದರೆ 'ಬಾ' ಎಂದಂತೆ!

ಊಟ ಬೆಟ್ಟದ ಮೇಲೆಯೇ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ನಮ್ಮ ಪತ್ರೊಡೆಯ ತಂಗಿಯಂತಿತ್ತು. ವೈನಿನ ವಿಷಯ ನಿಮ್ಮಕ್ಕನಿಗೆ ಹೇಳಬೇಡಿ. ಸೂರ್ಯ ಸಮುದ್ರಕ್ಕಿಳಿಯುವಾಗ ನಿಮ್ಮ ಹೆಸರಿನಲ್ಲಿ ಮೊದಲೇ ಕಾದಿರಿಸಿದ್ದ ಕುರ್ಚಿ ಪಕ್ಕದಲ್ಲೇ ಖಾಲಿ ಇತ್ತು. ಅದರ ಮೇಲೆ ನನ್ನ ಶಾಲು ಹಾಕಿದ್ದೆ.

ಕರಿಬೇವಿನ ಕುಂಡಕ್ಕೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ. ನಿಮ್ಮ ಮೊಣಕಾಲಿನ ಪಟ್ಟಿ ಎರಡನೆಯ ಡ್ರಾಯರ್‌ನಲ್ಲಿದೆ. ಮುಂದಿನ ಮಂಗಳವಾರದ ಬೆಟ್ಟದ ನಡಿಗೆಗೆ ಎರಡು ಜಾಗ ಹೇಳಿದ್ದೇನೆ.

ಎಲಾ ರೀ.

ನಿಮ್ಮ
ವನಜಾ