ಫಾರಂ ಮತ್ತು ರೇಡಿಯೋ

ರೀ,

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ.

ಮುಂದಿನ ವಾರದ ನನ್ನ ಆಪರೇಷನ್ನಿಗೆ ಮುಂಚೆ ಕೊಡಬೇಕಾದ ಫಾರಂ ಮೇಜಿನ ಮೇಲಿದೆ, ತುಂಬಿದ್ದೀನಿ. ನನಗೆ ಇನ್ನು ಎಚ್ಚರ ಬರಲ್ಲ ಅಂತ ಡಾಕ್ಟರು ಹೇಳಿದ್ರೆ ಉಸಿರಾಟದ ಮೆಷಿನ್ ಹಾಕ್ಬಾರದು. ಆಗ ಬೇಡ ಅಂತ ಹೇಳೋ ಜವಾಬ್ದಾರಿ ನನ್ನ ತಂಗಿಗೆ ಕೊಟ್ಟಿದ್ದೀನಿ.

ಮುಖ ಊದಿಸ್ಕೋಬೇಡಿ. ನಿಮ್ಮ ರಿಪೇರಿ ಅಂಗಡಿ ಮುಚ್ಚಿ ಆರು ವರ್ಷ ಆಯ್ತು. ಯಾರೋ ಬಿಟ್ಟುಹೋದ ಆ ರೇಡಿಯೋನ ಇವತ್ತಿಗೂ ಬಿಚ್ಚಿ, "ಇನ್ನೊಂದೇ ಒಂದ್ಸಲ ನೋಡ್ತೀನಿ ಕಣೇ" ಅಂತೀರಿ. ನನ್ನನ್ನೂ ಹಾಗೇ ಇಟ್ಕೊಂಡು ಕೂರ್ತೀರಿ, ನಂಗೊತ್ತು.

ಫಾರಂನಲ್ಲಿ ತಂಗಿ ಹೆಸರು ಪೆನ್ಸಿಲ್‌ನಲ್ಲಿ ಬರೆದಿದ್ದೀನಿ. ಸಂಜೆ ನಾನು ಬರೋದ್ರೊಳಗೆ ರೇಡಿಯೋ ಗುಜರಿಗೆ ಹೋಗಿದ್ರೆ, ಅಳಿಸಿ ನಿಮ್ಮದು ಬರೀತೀನಿ.

ಹುಡುಕಬೇಡಿ, ರಬ್ಬರು ನನ್ನ ಬ್ಯಾಗಲ್ಲಿದೆ.